ಸತ್ತ ವಿಳಾಸಕ್ಕೊಂದು ಚೂರು

ನೋಟು ಎಣಿಸುವ ಯಂತ್ರ ರಿಪೇರಿ ಮಾಡುವುದರಲ್ಲಿ ಅವನನ್ನು ಮೀರಿಸುವ ಮನುಷ್ಯ ಈ ಭೂಮಿಯ ಮೇಲೆ ಹುಟ್ಟಿರಲಿಲ್ಲ, ಹುಟ್ಟುವ ಲಕ್ಷಣವೂ ಕಾಣುತ್ತಿರಲಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಅವನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಒಳಗೆ ಮುನಿಸಿಕೊಂಡು ಕೂತಿದ್ದ ಯಂತ್ರ ಹೆದರಿ ತಾನಾಗಿಯೇ ತಿರುಗತೊಡಗುತ್ತಿತ್ತು. ಎರಡು ಬೀದಿಯಾಚೆ ಯಂತ್ರ ಓಡುತ್ತಿದ್ದರೂ ಯಾವ ರೋಲರು ಸವೆದಿದೆ, ಯಾವ ಬೆಲ್ಟು ಸಡಿಲವಾಗಿದೆ ಎಂದು ಇಲ್ಲಿಂದಲೇ ಹೇಳಿಬಿಡುವ ಕಿವಿ ಅವನದು. ಇನ್ನು ಮೂಗಿನ ಮಾತು ಬೇಡ. ಇಡೀ ಜೀವಮಾನ ನೋಟಿನ ದೂಳು ಕುಡಿದ ಮೂಗು ಅದು. ಅವನು ಒಮ್ಮೆ ಸೀನಿದರೆ ಒಂದು ಸಣ್ಣ ಮನೆ ಕಟ್ಟುವಷ್ಟು ಹಣ ಹೊರಗೆ ಬೀಳುತ್ತದೆ ಎಂದು ಕ್ಯಾಷಿಯರುಗಳು ಕರವಸ್ತ್ರ ಹಿಡಿದು ಕಾಯುತ್ತಿದ್ದರು. ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವನು ರಿಪೇರಿ.

ಇಂಥ ಮಹಾಶೂರ ಸಂಜೆ ಮನೆಗೆ ಹೋಗುತ್ತಿದ್ದ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಒಲೆ, ಒಂದು ತಟ್ಟೆ. ಕುರ್ಚಿ ಮಾತ್ರ ಎರಡು. ಎರಡನೆಯದರ ಮೇಲೆ ಸ್ಕ್ರೂ ಡಬ್ಬಿ ಕೂರುತ್ತಿತ್ತು. ಆ ಕೋಣೆಯ ಮೌನ ಎಷ್ಟು ದಪ್ಪವಾಗಿತ್ತೆಂದರೆ, ಗೋಡೆಗೆ ಮೊಳೆ ಹೊಡೆಯುವ ಬದಲು ಮೌನಕ್ಕೇ ಹೊಡೆದು ಅಂಗಿ ನೇತುಹಾಕಬಹುದಿತ್ತು. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಯಂತ್ರ ಕೆಟ್ಟಿರುತ್ತಿತ್ತು. ಆಮೇಲೆ ಮಾತು ಬರುವುದೇ ನಿಂತಿತು.

ಡಿಜಿಟಲ್ ನಾಣ್ಯ ಎನ್ನುವುದು ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ. ಅದರ ಬೆಲೆ ಎಷ್ಟು ಎಂದು ಕೇಳಿದರೆ ಕೇಳಿದವನೂ ನಗುತ್ತಿದ್ದ, ಹೇಳಿದವನೂ ನಗುತ್ತಿದ್ದ. ಒಬ್ಬ ಕ್ಯಾಷಿಯರು ಬೇಕೆಂದೇ ಚುಚ್ಚಿದ: "ರಿಪೇರಿ, ಇನ್ಮೇಲೆ ನೋಟೇ ಇರಲ್ವಂತೆ ಕಣಯ್ಯ. ಎಲ್ಲಾ ಕಂಪ್ಯೂಟರಲ್ಲೇ. ನೀನು ಸ್ಕ್ರೂಡ್ರೈವರಲ್ಲಿ ಬೆನ್ನು ಕೆರ್ಕೊಂಡು ಕೂತ್ಕೊ."

ಅವನ ಮೈಯೆಲ್ಲ ಉರಿದುಹೋಯಿತು. ಮನೆಗೆ ಹೋದವನೇ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಆ ನಾಣ್ಯದ ಭಕ್ತರೂ ವೈರಿಗಳೂ ಸೇರಿ ಕಚ್ಚಾಡುವ ಒಂದು ಜಾಲತಾಣ ಹುಡುಕಿದ. ಅಲ್ಲಿ ಸೊಂಟ ಕಟ್ಟಿ ಇಳಿಯಬೇಕಾದರೆ ಒಂದು ಹೆಸರು ಬೇಕಿತ್ತು. ಹಳೇನೋಟು ಎಂದು ಇಟ್ಟುಕೊಂಡ.

ಅವತ್ತೇ ಸಿಕ್ಕವನು ರಾಕೆಟ್ಟು. ಅದೂ ಇಟ್ಟುಕೊಂಡ ಹೆಸರೇ. ಎಲ್ಲಿಯವನು, ಏನು ಕೆಲಸ, ಎಷ್ಟು ವಯಸ್ಸು, ಒಂದೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ: ವಾದಕ್ಕೆ ಕೂತರೆ ಉಡದ ಪಟ್ಟು.

"ಬ್ಯಾಂಕಿಗೆ ಭಾನುವಾರ ರಜ. ನನ್ನ ನಾಣ್ಯಕ್ಕೆ ರಜವೇ ಇಲ್ಲ," ಎಂದು ಶುರು ಮಾಡಿದ ರಾಕೆಟ್ಟು. "ಸಮುದ್ರದಾಚೆ ದುಡಿಯೋನು ಅಮ್ಮನಿಗೆ ದುಡ್ಡು ಕಳಿಸಿದ್ರೆ ಮಧ್ಯದಲ್ಲಿ ಯಾವನೂ ಕಮಿಷನ್ ಕಚ್ಕೊಳ್ಳಲ್ಲ. ಯಾರಪ್ಪನ ಅಪ್ಪಣೆನೂ ಬೇಡ."

"ಕಳ್ಕೊಂಡ್ರೆ ಯಾರ ಹತ್ರ ಹೋಗಿ ಅಳ್ಬೇಕು? ನೋಟು ಹರಿದ್ರೆ ಬ್ಯಾಂಕಿನ ಕಿಟಕೀಲಿ ಬದಲಾಯಿಸ್ಕೊಡ್ತಾರೆ. ನಿನ್ನ ದುಡ್ಡಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಕೊನೆಗೆ ಒಂದು ಕಿಟಕಿನೂ ಇಲ್ಲ."

"ಬೇಕಾದಾಗ ಬೇಕಾದಷ್ಟು ಅಚ್ಚು ಹಾಕೋ ಅಪ್ಪ ಇಲ್ದೇ ಇರೋದೇ ವಾಸಿ."

"ನೋಟಿನ ಮೇಲೆ ಮನುಷ್ಯರ ಬೆವರಿರುತ್ತೆ ಕಣಯ್ಯ. ನಾನು ದಿನಾ ಒರೆಸ್ತೀನಿ, ನಂಗೊತ್ತು. ನಿಂದು ಕೈಯೇ ಇಲ್ದಿರೋ ದುಡ್ಡು. ಆ ಕಡೆ ಇರೋದು ಮನುಷ್ಯನೋ ಮಿಷನ್ನೋ ಅಂತ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಬಿಡು," ಎಂದ ರಾಕೆಟ್ಟು.

ಗೊತ್ತಾಗಿಯೇ ಹೋಯಿತು. ನಾಣ್ಯ ಹೇಗಿರುತ್ತದೆಂದು ತೋರಿಸುತ್ತೇನೆ ಎಂದು ರಾಕೆಟ್ಟು ಅವನಿಂದ ಒಂದು ವಿಳಾಸ ಮಾಡಿಸಿದ. ವಿಳಾಸ ಎಂದರೆ ಬೀದಿ, ಬಾಗಿಲು ಅಲ್ಲ. ಅಕ್ಷರ, ಅಂಕಿ ಕಲಸಿ ಚೆಲ್ಲಿದಂಥ ಒಂದು ಉದ್ದನೆಯ ಸಾಲು. ಅದಕ್ಕೆ ನಾಣ್ಯದ ಒಂದು ಚೂರು ಕಳಿಸುತ್ತೇನೆ ಎಂದ: ಚುಕ್ಕೆಯ ನಂತರ ನಾಲ್ಕು ಸೊನ್ನೆ, ಆಮೇಲೆ ಒಂದು. ಬಂದದ್ದು ಹತ್ತರಷ್ಟು. ನಾಣ್ಯದ ಭವಿಷ್ಯವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಮಹಾಪಂಡಿತ ಒಂದು ಸೊನ್ನೆ ತಿಂದುಬಿಟ್ಟಿದ್ದ.

"ನಿನ್ನ ದುಡ್ಡಿಗೆ ಬ್ಯಾಂಕು ಬೇಡ, ಒಪ್ಕೊಂಡೆ. ನಿಂಗೊಬ್ಬ ಮೇಷ್ಟ್ರು ಬೇಕು ಕಣೋ!" ಎಂದು ಹಂಗಿಸಿ ಹಳೇನೋಟು ಒಂಬತ್ತು ಪಾಲು ವಾಪಸು ಕಳಿಸಿದ. ಮಾನಸ್ಥ.

ಅಲ್ಲಿಂದ ಅದೇ ಕಟ್ಟಳೆಯಾಯಿತು. ಪ್ರತಿ ಭಾನುವಾರ ಸಂಜೆ ವಾದ. ಉತ್ತರ ತೋಚದೆ ಕೂತವನು ಸೋತಂತೆ. ಸೋತವನು ಗೆದ್ದವನಿಗೆ ಒಂದು ಚೂರು ಕಳಿಸಬೇಕು. ಅದೇ ಚೂರು ಅತ್ತ ಹೋಗುವುದು, ಇತ್ತ ಬರುವುದು. ರಾಕೆಟ್ಟು ಸೋತಾಗಲೆಲ್ಲ ಸೊನ್ನೆ ತಪ್ಪುತ್ತಿದ್ದ, ಹಳೇನೋಟು ಬಯ್ದು ಒಂಬತ್ತು ಪಾಲು ಮರಳಿಸುತ್ತಿದ್ದ. ಅವರ ವಾದ ಓದಲು ಜಗತ್ತಿನ ಅರ್ಧ ಜನ ಅಡಿಗೆ ಮಾಡದೆ ಕಾಯುತ್ತಿದ್ದರು ಎಂದರೆ ಸುಳ್ಳೇನಲ್ಲ; ಹತ್ತು ಹನ್ನೆರಡು ಜನರಂತೂ ಇದ್ದರು. ವಾರವೆಲ್ಲ ಅವನು ಯಂತ್ರಗಳ ಹೊಟ್ಟೆಯೊಳಗೆ ಕೈ ಹಾಕಿಕೊಂಡೇ ಮುಂದಿನ ಮಾತು ಹೊಸೆಯುತ್ತಿದ್ದ. ಒಬ್ಬನೇ ನಗುತ್ತಿದ್ದ. ಕ್ಯಾಷಿಯರುಗಳು ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಅವನಿಗೆ ಗೆಲುವಿನ ಹುಚ್ಚು ತಲೆಗೇರಿತು. "ಕಳ್ಕೊಂಡ್ರೆ ಹೋಯ್ತು ಅಂತ ಬಾಯಲ್ಲಿ ಹೇಳಿದ್ರೆ ನೀನು ನಂಬಲ್ಲ. ನೋಡು," ಎಂದವನೇ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬಿಚ್ಚಿ, ಮೇಜಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದ. ವಿಳಾಸದ ಬಾಗಿಲು ತೆರೆಯುವ ಗುಟ್ಟಿನ ಕೀಲಿ ಇದ್ದದ್ದು ಅದರೊಳಗೆ ಮಾತ್ರ. ಆ ಏಟಿಗೆ ಕೆಳಗಿನ ಮಹಡಿಯವರೆಲ್ಲ ಭೂಕಂಪವೆಂದು ಹೊರಗೆ ಓಡಿದರು. ಪುಡಿಯಾದ ಡಿಸ್ಕಿನ ಫೋಟೋ ತೆಗೆದು, ಪಕ್ಕದ ಇಂಟರ್‌ನೆಟ್ ಅಂಗಡಿಗೆ ಓಡಿ, ಜಾಲತಾಣಕ್ಕೆ ಹಾಕಿ ಬರೆದ: "ಚೂರು ನನ್ನ ಹತ್ರನೇ ಇತ್ತು. ಈಗ ಅದನ್ನ ದೇವರು ಬಂದ್ರೂ ಎತ್ತಕ್ಕಾಗಲ್ಲ. ಯಾವ ಕಿಟಕಿಗೆ ಹೋಗ್ಲಿ, ಹೇಳು?"

ರಾಕೆಟ್ಟು ಸೋಲೊಪ್ಪಿ ಬರೆದ: "ಗೆದ್ದೆ ಕಣಯ್ಯ. ಆದ್ರೆ ಈಗ ನಾನು ಸೋತಿದ್ದೀನಲ್ಲ, ಚೂರು ಎಲ್ಲಿಗೆ ಕಳಿಸ್ಲಿ?"

ಹೊಸ ವಿಳಾಸ ಮಾಡಿಕೊಳ್ಳುತ್ತೇನೆ ಎಂದರೆ ಮುಗಿಯುತ್ತಿತ್ತು. ಗೆದ್ದ ಬಾಯಿ ಎಲ್ಲಿ ಕೇಳುತ್ತದೆ? "ಅಲ್ಲಿಗೇ ಕಳಿಸು. ಗೋರಿ ಮೇಲೆ ಹೂವು ಇಟ್ಟಂಗಾಗುತ್ತೆ," ಎಂದ. "ನಾನಂತೂ ಇನ್ನೊಂದು ಚೂರು ಕಾಸು ಕೊಟ್ಟು ಕೊಂಡ್ರೆ ಮೀಸೆ ಬೋಳಿಸ್ಕೋತೀನಿ."

ಮುಂದಿನ ಭಾನುವಾರ ಹೋಗಿ ನೋಡಿದರೆ ಜಾಲತಾಣವೇ ಇರಲಿಲ್ಲ. ನಡೆಸುವವನಿಗೆ ಬೇಸರ ಬಂದಿತ್ತೋ, ಬಾಡಿಗೆ ಕಟ್ಟಲಿಲ್ಲವೋ. ಬಿಳಿ ಪರದೆಯ ಮೇಲೆ ಒಂದು ಸಾಲು, ಪುಟ ಸಿಗಲಿಲ್ಲ ಎಂದು. ಅದರ ಮುಂದಿನ ಭಾನುವಾರವೂ ಅಷ್ಟೇ. ಅವನು ರಾಕೆಟ್ಟನ್ನು ಎಲ್ಲಿ ಅಂತ ಹುಡುಕಬೇಕು? ಹೆಸರಿಲ್ಲ, ಊರಿಲ್ಲ, ದನಿಯಿಲ್ಲ. ಪುಡಿಯಾದ ಡಿಸ್ಕಿಗೆ ಗಾಜಿನ ಕಟ್ಟು ಹಾಕಿಸಿ, ಕೆಳಗೆ, ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ ಆ ಸತ್ತ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ನೇತುಹಾಕಿದ. ಗೆದ್ದವನಿಗೆ ಪದಕ ಬೇಡವೇ?

ವರ್ಷಗಳು ಉರುಳಿದವು. ಡಿಜಿಟಲ್ ನಾಣ್ಯ ಆಕಾಶಕ್ಕೆ ಹಾರಿತು, ಬಿತ್ತು, ಮತ್ತೆ ಹಾರಿತು. ಟೀವಿಯಲ್ಲಿ ಟೈ ಕಟ್ಟಿದವರು ಹಳೇನೋಟು, ರಾಕೆಟ್ಟು ಎಂದೋ ಆಡಿ ಮುಗಿಸಿದ್ದ ಮಾತುಗಳನ್ನೇ ಹೊಸದೆಂಬಂತೆ ಆಡಿದರು. ಅವನು ಟೀವಿಗೆ ಉತ್ತರ ಕೊಡುತ್ತಿದ್ದ. ಟೀವಿ ಸೋಲನ್ನು ಒಪ್ಪುತ್ತಲೇ ಇರಲಿಲ್ಲ. ಬ್ಯಾಂಕುಗಳಲ್ಲಿ ಯಂತ್ರಗಳು ಕಡಿಮೆಯಾದವು, ಸೀನು ಕೂಡ ಕಡಿಮೆಯಾಯಿತು.

ಅವನಿಗೆ ಇದ್ದವಳು ಅಕ್ಕನ ಮಗಳೊಬ್ಬಳೇ. ಮೊಬೈಲ್ ಅಂಗಡಿಯ ಕೌಂಟರಿನಲ್ಲಿ ಕೆಲಸ, ನಾಲಗೆಯ ತುದಿಯಲ್ಲೇ ಮಾತು. ಒಂದು ದಿನ ಅವನಿಗೆ ಹೊಸ ಫೋನು ತಂದುಕೊಟ್ಟು, ಗೋಡೆ ನೋಡಿದಳು.

"ಮಾವ, ಎಲ್ಲರ ಮನೇಲೂ ಹಿರಿಯರ ಫೋಟೋ ಇರುತ್ತೆ. ನಿನ್ನ ಮನೇಲಿ ಗುಜರಿ."

"ಗುಜರಿ ಅಲ್ಲ ಕಣೇ, ಚರಿತ್ರೆ!" ಎಂದು ಅವನು ಸುತ್ತಿಗೆಯ ಕಥೆಯನ್ನು ಹೇಳಿದ. ಈ ಸಲ ಸುತ್ತಿಗೆ ಹಿಂದಿನದಕ್ಕಿಂತ ದೊಡ್ಡದಾಗಿತ್ತು.

"ಈ ನಾಣ್ಯದ ಲೆಕ್ಕ ಎಲ್ಲಾ ಬಹಿರಂಗ ಅಲ್ವಾ? ವಿಳಾಸ ಹಾಕಿದ್ರೆ ಯಾರು ಬೇಕಾದ್ರೂ ನೋಡ್ಬಹುದು," ಎಂದು ಅವಳು ಫೋನಿನಲ್ಲಿ ಅದನ್ನು ಒತ್ತಿದಳು. ಹುಬ್ಬು ಮೇಲೆ ಹೋಯಿತು. "ಮಾವ, ಇದು ಸತ್ತಿಲ್ಲ."

"ಏನಂದೆ?"

"ಮೊನ್ನೆ ಭಾನುವಾರ ಚೂರು ಬಂದಿದೆ. ಅದರ ಹಿಂದಿನ ಭಾನುವಾರನೂ. ಅದರ ಹಿಂದೆನೂ… ಅಯ್ಯೋ, ಕೆಳಗೆ ಎಳೆದಷ್ಟೂ ಇದೆ. ಒಂದು ವಾರನೂ ತಪ್ಪಿಲ್ಲ. ಯಾರು ಮಾವ ಇದು?"

ರಿಪೇರಿ ಗೋಡೆಯ ಕಟ್ಟಿನತ್ತ ತಿರುಗಿದ. ಗೋರಿಯ ಮೇಲೆ ಹೂವು. ಇಷ್ಟು ವರ್ಷ ಒಬ್ಬ ಬಂದು ಬಾಗಿಲು ತಟ್ಟುತ್ತಲೇ ಇದ್ದಾನೆ. ಒಳಗಿನ ಚಿಲಕವನ್ನು ತಾನೇ ಸುತ್ತಿಗೆಯಲ್ಲಿ ಬಡಿದು ಕೂತಿದ್ದೇನೆ.

"ಅದನ್ನ ಕಳಿಸೋ ಖರ್ಚು ನೋಡು," ಎಂದಳು ಅವಳು. "ಚೂರಿಗಿಂತ ಜಾಸ್ತಿ. ಕಡಲೆಬೀಜ ಕಳಿಸೋಕೆ ಲಾರಿ ಬಾಡಿಗೆ ಹಿಡಿದಂಗೆ. ಇವನೇನು ಹುಚ್ಚನಾ? ಅವನೋ, ಅವಳೋ?"

"ಜಗಳ ಆಡೋಕೆ ಅದೆಲ್ಲ ಯಾಕೆ ಬೇಕು," ಎಂದ ಅವನು.

ಅವಳು ಹೋದ ಮೇಲೆ ಆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಎಳೆದು ನೋಡಿದ. ನೋಡುತ್ತ ನೋಡುತ್ತ ಬೆರಳು ನಿಂತಿತು. ಸುತ್ತಿಗೆಯ ಏಟಿನ ನಂತರ ಪ್ರತಿ ವಾರ ಅದೇ ಹೊತ್ತು, ಅದೇ ನಿಮಿಷ. ಪ್ರತಿ ಸಲವೂ ಚುಕ್ಕೆಯ ನಂತರ ನಾಲ್ಕು ಸೊನ್ನೆ, ಆಮೇಲೆ ಒಂದು. ಒಂದೇ ಒಂದು ಸಲವೂ ಸೊನ್ನೆ ತಪ್ಪಿರಲಿಲ್ಲ.

ಯಂತ್ರ ಯಾವುದು, ಕೈ ಯಾವುದು ಎಂದು ಅವನಿಗೆ ಬೇರೆಯವರು ಹೇಳಬೇಕೆ? ಇದು ಯಂತ್ರ. ರಾಕೆಟ್ಟು ಎಂದೋ ಒಂದು ದಿನ ಕಂಪ್ಯೂಟರಿಗೆ ವಾರಕ್ಕೊಂದು ಚೂರು ಕಳಿಸು ಎಂದು ಹೇಳಿಟ್ಟಿದ್ದಾನೆ. ಆಮೇಲೆ ಮರೆತಿರಬಹುದು. ಆಮೇಲೆ ಸತ್ತೇ ಹೋಗಿರಬಹುದು. ಯಾವುದೋ ಖಾಲಿ ಮನೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಗುರುಗುಟ್ಟುತ್ತ ಭಾನುವಾರ ಭಾನುವಾರ ಕೆಲಸ ಮುಗಿಸುತ್ತಿರಬಹುದು. ಆ ಕಡೆ ಕೈ ಇದೆಯೋ ಇಲ್ಲವೋ? ಅವನಿಗೆ ಈಗ ಬೇಕಾದದ್ದು ಅಷ್ಟೇ. ತಿಳಿಯುವುದಕ್ಕೆ ಇದ್ದ ದಾರಿಯೂ ಒಂದೇ.

ಮಾರನೆಯ ದಿನ ಅಂಗಡಿಗೆ ಹೋಗಿ ಕೌಂಟರಿಗೆ ಬಾಗಿ ಪಿಸುಗುಟ್ಟಿದ: "ಒಂದು ಸ್ವಲ್ಪ ನಾಣ್ಯ ಕೊಡಿಸೇ."

"ಏನು? ಕೇಳಿಸ್ಲಿಲ್ಲ!" ಎಂದಳು ಅಂಗಡಿಗೆಲ್ಲ ಕೇಳಿಸುವ ಹಾಗೆ. "ಮೀಸೆ ಬೋಳಿಸ್ಕೊಂಡು ಬಂದ್ಯಾ ಮಾವ?"

"ನಿಮ್ಮಮ್ಮನ ಬಾಯೇ ನಿಂಗೂ ಬಂದಿದೆ. ಕೊಡಿಸೇ ಅಂದ್ರೆ."

ಅವನ ಮುಖ ನೋಡಿ ಅವಳು ಅವನ ಫೋನು ಇಸಿದುಕೊಂಡಳು. ಫೋನಿನಲ್ಲಿ ಹೊಸ ವಿಳಾಸ ಮಾಡಿದಳು, ನಾಣ್ಯ ಕೊಡಿಸಿದಳು, ಕೀಲಿಯ ಗುಟ್ಟನ್ನು ಎರಡು ಕಡೆ ಬರೆಸಿದಳು. ಸುತ್ತಿಗೆ ಎಲ್ಲಿದೆ ಎಂದೂ ಕೇಳಿದಳು.

ಕಳಿಸುವ ಗುಂಡಿಯನ್ನು ಅವನು ಮನೆಯಲ್ಲೇ ಒತ್ತಿದ. ಪಟ್ಟಿಯಲ್ಲಿ ಕಳಿಸಿದವನ ಜಾಗದಲ್ಲಿ ಕಾಣುತ್ತಿದ್ದ ರಾಕೆಟ್ಟಿನ ಹಳೆಯ ವಿಳಾಸಕ್ಕೆ ಒಂದು ಚೂರು: ನಾಲ್ಕು ಸೊನ್ನೆ, ಆಮೇಲೆ ಒಂದು. ಯಾರಿಂದ ಎಂದು ಬರೆಯಲು ಜಾಗವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇಷ್ಟು ಖರ್ಚು ಮಾಡಿ ಇಷ್ಟೇ ಚೂರು ಕಳಿಸುವ ಇನ್ನೊಬ್ಬ ಹುಚ್ಚ ಲೋಕದಲ್ಲಿ ಇಲ್ಲ. ಸೋತವನು ಕಳಿಸುವ ಚೂರು ಅದು. ಜೀವನದಲ್ಲಿ ಯಾವ ಯಂತ್ರಕ್ಕೂ, ಯಾವ ಕ್ಯಾಷಿಯರಿಗೂ ಸೋಲದವನು, ಇದ್ದಾನೋ ಇಲ್ಲವೋ ತಿಳಿಯದ ಒಬ್ಬನಿಗೆ ಸೋತಿದ್ದ.

ಭಾನುವಾರದವರೆಗೆ ಆ ಫೋನನ್ನು ಅವನು ಎಷ್ಟು ನೋಡಿದನೆಂದರೆ ಗಾಜು ಸವೆದು ತೆಳ್ಳಗಾಯಿತು.

ಭಾನುವಾರ ಬಂತು. ಅದೇ ಹೊತ್ತಿಗೆ, ಅದೇ ನಿಮಿಷಕ್ಕೆ, ಸತ್ತ ವಿಳಾಸಕ್ಕೆ ಚೂರು ಬಿತ್ತು. ಹೊಸ ವಿಳಾಸಕ್ಕೆ ಏನೂ ಇಲ್ಲ. ಅವನು ಕಾದ. ಬೀದಿಯಲ್ಲಿ ಬಸ್ಸು ಬಂದು ಹೋಯಿತು. ಕೆಳಗಿನ ಮನೆಯ ಬಾಗಿಲು ಹಾಕಿಕೊಂಡಿತು. ಯಂತ್ರವೇ, ಎಂದುಕೊಂಡ. ಆ ವಾದದಲ್ಲಿ ತಾನು ಗೆದ್ದೇಬಿಟ್ಟಿದ್ದೆ: ಕೈಯೇ ಇಲ್ಲದ ದುಡ್ಡು. ಇಂಥ ಗೆಲುವು ವೈರಿಗೂ ಬೇಡ. ಫೋನನ್ನು ಮಕಾಡೆ ಮಲಗಿಸಿ, ಇದ್ದ ಒಂದು ತಟ್ಟೆಯನ್ನೇ ಎರಡು ಸಲ ತೊಳೆದ.

ಟಣ್ ಎಂದಿತು.

ಒದ್ದೆ ಕೈಯಲ್ಲೇ ಎತ್ತಿ ನೋಡಿದ. ಹೊಸ ವಿಳಾಸಕ್ಕೆ ಬಂದಿತ್ತು. ಚುಕ್ಕೆ, ಆಮೇಲೆ ಸೊನ್ನೆಗಳು. ಬೆರಳಿಟ್ಟು ಎಣಿಸಿದ. ಕನ್ನಡಕ ಹಾಕಿಕೊಂಡು ಮತ್ತೆ ಎಣಿಸಿದ. ಮೂರೇ ಸೊನ್ನೆ. ಹತ್ತರಷ್ಟು! ಯಾವ ಯಂತ್ರವೂ ಮಾಡದ ತಪ್ಪು, ಮಾಡು ಎಂದರೂ ಮಾಡಲಾರದ ತಪ್ಪು. ಲೋಕದಲ್ಲಿ ಅದನ್ನು ಮಾಡಬಲ್ಲ ಬೆರಳು ಒಂದೇ, ಅದು ಇನ್ನೂ ಬೆಚ್ಚಗಿತ್ತು.

ಅವನು ನಕ್ಕ ನಗುವಿಗೆ ಬೀದಿಯ ದೀಪಗಳೆಲ್ಲ ಒಮ್ಮೆ ಮಿಣುಕಿದವು. ಕಣ್ಣು ಒರೆಸಿಕೊಂಡ, ನೋಟಿನ ದೂಳು, ಮತ್ತೇನು. ಹಳೆಯ ಲೆಕ್ಕದಂತೆ ಒಂಬತ್ತು ಪಾಲನ್ನು ಸೊನ್ನೆ ಎಣಿಸಿ ಎಣಿಸಿ ವಾಪಸು ಕಳಿಸಿದ. ಅದರ ಜೊತೆಗೆ ಒಂದು ಮಾತು ಕಳಿಸಲು ಎಲ್ಲೂ ಜಾಗವಿರಲಿಲ್ಲ. ಹೇಗಿದ್ದೀಯ ಎಂದು ಕೇಳುವಂತಿಲ್ಲ. ಎಲ್ಲಿದ್ದೀಯ ಎಂದೂ ಕೇಳುವಂತಿಲ್ಲ.

"ನಿಂಗೊಬ್ಬ ಮೇಷ್ಟ್ರು ಬೇಕು ಕಣೋ," ಎಂದ, ಗಟ್ಟಿಯಾಗಿ.

ಎದುರಿನ ಕುರ್ಚಿಯ ಮೇಲೆ ಸ್ಕ್ರೂ ಡಬ್ಬಿ ಸುಮ್ಮನೆ ಕೂತಿತ್ತು. ಮುಂದಿನ ಭಾನುವಾರಕ್ಕೆ ಇನ್ನೂ ಒಂದು ವಾರ ಇತ್ತು.