ಅನಾನಸ್ ಹೊಲದ ಮಣ್ಣು

“ಇನ್ನೊಂದು ಸಾಲು ಕಿತ್ತು ಹಾಕು, ಜಾಗ ಸಾಲಂಗಿಲ್ಲ,” ಎಂದು ರವೀಂದ್ರ ಆಳು ಕೆರಿಯನಿಗೆ ಹೇಳಿದ. ಕೆರಿಯ ಗುದ್ದಲಿ ಹಾಕಿ ಅನಾನಸ್ ಗಿಡಗಳನ್ನು ಬುಡಸಮೇತ ಎಬ್ಬಿಸಿ ಬದುವಿನತ್ತ ಎಸೆದ. ಒಂದೊಂದರಲ್ಲೂ ಮುಷ್ಟಿಗಾತ್ರದ ಕಾಯಿತ್ತು. ಹೋದ ವರ್ಷ ಈ ಸಾಲನ್ನು ಅವನ ತಾಯಿ ಅನ್ನಪೂರ್ಣವ್ವ ಸೊಂಟ ಬಗ್ಗಿಸಿ ತಾನೇ ನೆಟ್ಟಿದ್ದಳು. ಈಗ ಅವಳ ಹೆಣವನ್ನು ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿಸಿ, ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ಕೂರಿಸಿಯೇ ಮಣ್ಣು ಮಾಡಲು ಅವಳ ಪಾದದ ಅಳತೆಗೆ ಒಂಬತ್ತು ಪಾದದ ಕುಣಿ ಇಲ್ಲಿ ತೋಡಬೇಕಿತ್ತು.

ಮಗಳು ದಾಕ್ಷಾಯಿಣಿ ಬದುವಿನ ಮೇಲೆ ನಿಂತು ಅಣ್ಣನನ್ನೇ ನೋಡುತ್ತಿದ್ದಳು. ಹತ್ತು ದಿನ ಆಸ್ಪತ್ರೆಯಲ್ಲಿ ಅವ್ವನ ಪಕ್ಕ ಕೂತು ಅತ್ತು ಮುಗಿಸಿದ್ದಳು. ಈಗ ಉಳಿದದ್ದು ಸಿಟ್ಟು.

ಊರ ಹಿರಿಯರು ಸುಮ್ಮನಿರಲಿಲ್ಲ. ಗಂಡ ಪರಮೇಶ್ವರಪ್ಪನ ಸಮಾಧಿ ರಸ್ತೆ ಪಕ್ಕದ ಗದ್ದೆಯಲ್ಲಿರುವಾಗ ಹೆಂಡತಿಯನ್ನು ಇಲ್ಲೇಕೆ ಇಡುತ್ತೀಯ ಎಂದು ಕೇಳಿದರು. ಇದು ಅವ್ವನಿಗೆ ತವರಿನವರು ಕೊಟ್ಟ ಹೊಲ, ಅವಳ ಜೀವವೆಲ್ಲ ಇದರ ಮೇಲೇ ಇತ್ತು ಎಂದು ರವೀಂದ್ರ ನುಣ್ಣಗೆ ಜಾರಿಕೊಂಡ. ಅಸಲು ಸಂಗತಿ ಬನವಾಸಿ ಪೇಟೆಗೆಲ್ಲ ಗೊತ್ತಿತ್ತು. ರಸ್ತೆ ಪಕ್ಕದ ಗದ್ದೆಯನ್ನು ಅವನು ಸೈಟು ಮಾಡಿ ಮಾರಲು ಹೊರಟಿದ್ದ. ಅಪ್ಪನ ಸಮಾಧಿ ಒಂದಕ್ಕೇ ಕೊಳ್ಳುವವರು ಮುಖ ಸಿಂಡರಿಸುತ್ತಿದ್ದರು. ಇನ್ನು ಎರಡಾದರೆ ಕೇಳಬೇಕೆ?

*

ಆರು ವರ್ಷದ ಹಿಂದೆ ಪರಮೇಶ್ವರಪ್ಪ ತೀರಿಕೊಂಡಾಗ ದಾಕ್ಷಾಯಿಣಿ ಐರ್ಲೆಂಡಿನಲ್ಲಿ ನರ್ಸಾಗಿದ್ದಳು. ಆ ವರ್ಷವೇ ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದಳು. ಅಪ್ಪನ ಮಣ್ಣಿಗೆ ಅವಳು ಊರಿಗೆ ಬಂದಾಗ ರವೀಂದ್ರನಿಗೆ ಅಷ್ಟೇ ಸಾಕಾಯಿತು.

“ಈಗ ನೀ ಪರದೇಶದಾಕಿ. ಈ ದೇಶದಾಗ ಒಂದು ಹಿಡಿ ಮಣ್ಣೂ ನಿನ್ನ ಹೆಸರಿಲೆ ಇರಂಗಿಲ್ಲ. ನಿನ್ನ ಹೆಸರು ಪಹಣಿಯಾಗ ಬಂದ್ರ ಸರ್ಕಾರದವ್ರು ಪೂರಾ ಗದ್ದಿ ಜಪ್ತಿ ಮಾಡ್ತಾರ,” ಎಂದ.

ಅವ್ವ ಹೆದರಿ, ಗದ್ದೆಯ ಪಾಲನ್ನು ಮಗನಿಗೆ ಬಿಟ್ಟುಕೊಡುವ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಮಗಳಿಗೂ ಸಹಿ ಹಾಕೆಂದಳು. ಅವ್ವ ಹೇಳಿದಳಲ್ಲ ಎಂದು ದಾಕ್ಷಾಯಿಣಿ ಹಾಕಿದಳು.

ಮೋಸ ಮೊದಲು ತಿಳಿದದ್ದೂ ಅವ್ವನಿಗೇ. ಪೌರತ್ವ ಬಿಟ್ಟವರು ಇಲ್ಲಿ ಹೊಲಗದ್ದೆ ಕೊಳ್ಳುವಂತಿಲ್ಲ, ಆದರೆ ಹೆತ್ತವರಿಂದ ಬಂದದ್ದನ್ನು ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ ಎಂದು ಶಿರಸಿಯಲ್ಲಿ ಆಸ್ತಿಪತ್ರ ಬರೆಯುವ ಮುದುಕನೊಬ್ಬ ಬಿಡಿಸಿ ಹೇಳಿದ. ಅವ್ವ ಮನೆಗೆ ಬಂದು ಜಗಳ ತೆಗೆಯಲಿಲ್ಲ. ಮಗನಿಗೆ ಎಂದಿನಂತೆ ಬಿಸಿ ರೊಟ್ಟಿ ಬಡಿದು ಹಾಕಿದಳು. ಮಗಳು ರಜೆಗೆ ಬಂದಾಗ ಮಾರಿಕಾಂಬೆಯ ದರ್ಶನಕ್ಕೆಂದು ಶಿರಸಿಗೆ ಕರೆದೊಯ್ದಳು. ದರ್ಶನ ಮುಗಿಸಿ ನೇರ ನೋಂದಣಿ ಕಚೇರಿಗೆ ಹೋಗಿ, ತನ್ನ ಕಾಲಾನಂತರ ಅನಾನಸ್ ಹೊಲ ಮಗಳಿಗೆ ಎಂದು ಮೃತ್ಯುಪತ್ರ ಮಾಡಿಸಿದಳು.

“ಈ ಹೆಬ್ಬಟ್ಟಿಲೆ ನಿನ್ನ ಪಾಲು ಕಳದೆ. ಇದ ಹೆಬ್ಬಟ್ಟಿಲೆ ಕೊಡಾಕತ್ತೀನಿ,” ಎಂದು ಬೆರಳ ಶಾಯಿಯನ್ನು ಸೆರಗಿಗೆ ಒರೆಸಿಕೊಂಡಳು. “ಅವ ನನ್ನ ನಿಮ್ಮಪ್ಪನ ಮಗ್ಗಲಕ ಇಡಂಗಿಲ್ಲ. ಹೊಲದಾಗ ಇಡ್ತಾನ. ಇಡ್ಲಿ. ಅಲ್ಲೀತನಕಾ ಬಾಯಿ ಬಿಡಬ್ಯಾಡ. ಮಣ್ಣು ಕೊಡೂವಾಗ ಹೇಳು, ಮಂದಿ ಮುಂದ.”

*

ಮಧ್ಯಾಹ್ನ ಅನ್ನಪೂರ್ಣವ್ವನನ್ನು ಕುಣಿಯೊಳಗಿನ ಗೂಡಿನಲ್ಲಿ ಕೂರಿಸಿದರು. ಕ್ರಿಯೆ ನಡೆಸುವ ಅಯ್ಯನವರಾದ ಸಂಗಯ್ಯ ಅವಳ ಎಡಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಏರಿಸಿ ಮೇಲೆ ಬಂದರು. ಮೊದಲ ಹಿಡಿ ಮಣ್ಣು ಮಗನದು. ರವೀಂದ್ರ ಬಗ್ಗಿ ಬಾಚಿಕೊಂಡ.

“ನಿಲ್ಲಣ್ಣ. ಆ ಮಣ್ಣು ನಂದು. ಕೇಳಿ ತಗೋ.”

ದುಃಖಕ್ಕೆ ತಂಗಿಯ ತಲೆ ಕೆಟ್ಟಿದೆ ಎಂಬಂತೆ ರವೀಂದ್ರ ಜನರತ್ತ ನೋಡಿದ. ದಾಕ್ಷಾಯಿಣಿ ಚೀಲದಿಂದ ಮೃತ್ಯುಪತ್ರ ತೆಗೆದು ಸಂಗಯ್ಯನವರ ಕೈಗಿತ್ತಳು. ಅವರು ಕನ್ನಡಕ ಏರಿಸಿಕೊಂಡು ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಮಗಳ ಹೆಸರು ಎಲ್ಲವನ್ನೂ ಗಟ್ಟಿಯಾಗಿ ಓದಿ, ಅನ್ನಪೂರ್ಣವ್ವನ ಹೆಬ್ಬೆಟ್ಟನ್ನು ಜನರಿಗೆ ತೋರಿಸಿದರು. ರವೀಂದ್ರನ ಮುಖ ಇಳಿಯಿತು.

“ಇಕಿ ಪರದೇಶದಾಕಿ. ಇದು ನಡಿಯಂಗಿಲ್ಲ,” ಎಂದ.

“ಕೊಳ್ಳಾಕ ಬರಂಗಿಲ್ಲ ಅಣ್ಣ. ಹಡದಾಕಿ ಕೊಟ್ಟಿದ್ದು ಇಟ್ಕೊಳ್ಳಾಕ ಬರ್ತೈತಿ. ಆರು ವರ್ಷದ ಹಿಂದೂ ಬರ್ತಿತ್ತು.”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ನಿಂತಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು. ದಾಕ್ಷಾಯಿಣಿಗೆ ಒಳಗೊಳಗೇ ಖುಷಿಯಾಯಿತು. ಅವ್ವನ ಕುಣಿಯ ಮುಂದೆ ನಿಂತು ಖುಷಿಪಡುವುದಕ್ಕೆ ಅವಳೇನೂ ನಾಚಲಿಲ್ಲ.

“ಹೊತ್ತಾಕತೈತಿ ರವೀಂದ್ರ,” ಎಂದರು ಸಂಗಯ್ಯ. “ಹಿಡಿದ ಮಣ್ಣು ಬಿಡು. ಕೇಳು.”

ರವೀಂದ್ರ ಕೈಯಲ್ಲಿದ್ದದ್ದನ್ನು ಕೆಳಗೆ ಸುರಿದ. ತಂಗಿಯ ಮುಂದೆ ಬೊಗಸೆ ಒಡ್ಡಿದ.

“ಒಂದು ಹಿಡಿ ಮಣ್ಣು ಕೊಡು, ತಂಗಿ.”

ದಾಕ್ಷಾಯಿಣಿ ಬಗ್ಗಿ ಒಂದು ಹಿಡಿ ತೆಗೆದು ಅವನ ಬೊಗಸೆಗೆ ಹಾಕಿದಳು. ಮತ್ತೆ ಅದರಲ್ಲೇ ಕೈಯಾಡಿಸಿ ಅರ್ಧವನ್ನು ವಾಪಸು ತೆಗೆದುಕೊಂಡಳು.

“ನಿನ್ನ ಪಾಲು ಇಷ್ಟ ನೋಡು,” ಎಂದು, ತನ್ನ ಅರ್ಧವನ್ನು ತಾನೇ ಮೊದಲು ಅವ್ವನ ಮೇಲೆ ಹಾಕಿದಳು. ಕೆರಿಯ ಗುದ್ದಲಿ ಹಿಡಿದು ಕಾಯುತ್ತಿದ್ದ. ರವೀಂದ್ರ, ಕಿತ್ತೆಸೆದ ಅನಾನಸ್ ಗಿಡಗಳ ಪಕ್ಕದಲ್ಲಿ, ಅರ್ಧ ಹಿಡಿ ಮಣ್ಣಿನ ಬೊಗಸೆಯನ್ನು ಚಾಚಿಕೊಂಡೇ ನಿಂತಿದ್ದ.