ಇಪ್ಪತ್ತರವರೆಗೆ

ಲೆನ್‌ಫರ್ಡ್ ಮಗುವಿನ ಕಂಕುಳಿಗೆ ಕೈಹಾಕಿ ಶವಪೆಟ್ಟಿಗೆಯ ಮೇಲಿಂದ ಆಚೆಗೆ ದಾಟಿಸುವಷ್ಟರಲ್ಲಿ ಅದರ ಎರಡೂ ಕಾಲು ಸೆಟೆದುಕೊಂಡವು. ಕತ್ತರಿಯ ಹಾಗೆ ಒಂದರ ಮೇಲೊಂದು ಏರಿ ಕೆಳಕ್ಕೆ ಜೋತು, ಬಲಗಾಲಿನ ಹಿಮ್ಮಡಿ ಮುಚ್ಚಳಕ್ಕೆ ಬಡಿಯಿತು.

ಅಂಗಳದಲ್ಲಿ ಹಾಡುತ್ತಿದ್ದವರು ಹಾಡು ನಿಲ್ಲಿಸಿದರು.

ಅದಕ್ಕೂ ಮುಂಚೆ ಐದು ಮಕ್ಕಳನ್ನು ಮೂರು ಮೂರು ಸಲ ದಾಟಿಸಿಯಾಗಿತ್ತು. ಸತ್ತವರು ಪ್ರೀತಿಸಿದ ಮಕ್ಕಳನ್ನು ಹೀಗೆ ದಾಟಿಸದಿದ್ದರೆ ಅವರು ಜೊತೆಗೆ ಕರೆದುಕೊಂಡು ಹೋಗುತ್ತಾರೆ ಎಂಬುದು ಆ ಬೆಟ್ಟದೂರಿನಲ್ಲಿ ಎಲ್ಲರಿಗೂ ಗೊತ್ತು. ಮಗು ಪೆಟ್ಟಿಗೆಗೆ ತಗಲಬಾರದು ಎಂಬುದೂ ಗೊತ್ತು. ತಗಲಿದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಮೊದಲಿಂದ ದಾಟಿಸಪ್ಪ," ಎಂದಳು ಮಗುವಿನ ಅಜ್ಜಿ ವಿನೆಟ್. "ತಗಲಿದ್ದು ಲೆಕ್ಕಕ್ಕಿಲ್ಲ."

ಲೆನ್‌ಫರ್ಡ್ ಆ ಊರಿನ ಗುಂಡಿ ತೋಡುವವನು. ಮಗುವನ್ನು ತಾಯಿಯ ಕೈಗಿತ್ತು ಹಿಂದೆ ಸರಿದ. "ನನ್ನಿಂದಾಗಲ್ಲ ಕಣಕ್ಕ. ಎಷ್ಟೋ ಹೆಣ ಹೂತಿದೀನಿ, ಹೆದರಿಲ್ಲ. ಈ ಕಾಲನ್ನ ಯಾರೋ ಕೆಳಗಿಂದ ಜಗ್ಗಿದಂಗಾಯ್ತು."

"ಜಗ್ಗೋದೂ ಇಲ್ಲ, ಏನೂ ಇಲ್ಲ. ಮಿಸ್ ಐಸಿಲ್ಡ ತೀರಿಕೊಂಡು ಹನ್ನೊಂದು ದಿನ ಆಯ್ತು, ಯಾರೂ ಕಾಲು ಬಿಡಿಸಿಲ್ಲ, ಬಿಗಿದುಕೊಂಡಿದೆ," ಎಂದಳು ತಾಯಿ ಡೆಲ್ರೀಟ.

ಆರು ವರ್ಷದ ಟಮೋಯ ಅಳುತ್ತಿರಲಿಲ್ಲ. "ಮಿಸ್ ಐಸಿಲ್ಡ ಹಿಡ್ಕೊಂಡಿದಾರಮ್ಮ," ಎಂದಳು. "ಬಿಡ್ತಾನೇ ಇಲ್ಲ."

*

ಐಸಿಲ್ಡ ಬ್ರಾಮ್‌ವೆಲ್ ದೊಡ್ಡ ಹೆಂಗಸೇನಲ್ಲ. ಆರೋಗ್ಯ ಕೇಂದ್ರದಲ್ಲಿ ನೆಲ ಒರೆಸಲು ಸೇರಿದವಳು. ಹೊರದೇಶದಿಂದ ಫಿಸಿಯೋಥೆರಪಿಯವಳೊಬ್ಬಳು ಬಂದು ಎರಡು ವರ್ಷ ಇದ್ದು ಹೋದಳು. ನೆಲ ಒರೆಸುತ್ತ ಕಣ್ಣಲ್ಲೇ ಕಲಿತದ್ದನ್ನು ಇವಳು ಇಪ್ಪತ್ತೇಳು ವರ್ಷ ಮಾಡಿದಳು. ಹಿಂದಿನ ಕೋಣೆಯಲ್ಲಿ ಹಿಡಿದು ನಡೆಯಲು ಎರಡು ನೀರಿನ ಪೈಪು, ಮರಳು ತುಂಬಿದ ಹಿಟ್ಟಿನ ಚೀಲ, ಒಂದು ಚಾಪೆ, ಒಂದು ಬಾಟಲಿ ತೆಂಗಿನೆಣ್ಣೆ. ಹುಟ್ಟುವಾಗಲೇ ಕಾಲು ಸೆಟೆದ ಮಕ್ಕಳು, ಮಾವಿನ ಮರದಿಂದ ಬಿದ್ದ ಮಕ್ಕಳು, ಎಲ್ಲ ಅಲ್ಲಿಗೇ. ಅವಳು ಬದುಕಿದ್ದಾಗ ಊರವರು ಅವಳನ್ನು ಕಟುಕಿ ಎನ್ನುತ್ತಿದ್ದರು. ಸತ್ತ ಎಮ್ಮೆಗೆ ಸೇರು ತುಪ್ಪ ಎನ್ನುವ ಹಾಗೆ ಈಗ ಹೊಗಳಿದ್ದೇ ಹೊಗಳಿದ್ದು.

ಅವಳದು ಒಂದೇ ನಿಯಮ. ಬಿಗಿದ ಕಾಲನ್ನು ಬಿಡಿಸಿ ಹಿಡಿದು ಗಟ್ಟಿಯಾಗಿ ಇಪ್ಪತ್ತರವರೆಗೆ ಎಣಿಸುವುದು. ಮಗು ಕಿರುಚಲಿ, ಕಚ್ಚಲಿ, ಇಪ್ಪತ್ತು ಆಗದೆ ಕೈ ಬಿಟ್ಟವಳಲ್ಲ. "ಹತ್ತೊಂಬತ್ತಕ್ಕೆ ಬಿಟ್ರೆ ಹಿಡಿದಿದ್ದೆಲ್ಲ ದಂಡ," ಎನ್ನುತ್ತಿದ್ದಳು.

ಆ ಹೊತ್ತಿನಲ್ಲಿ ಡೆಲ್ರೀಟ ಹೊರಗೆ ದೀವಿಹಲಸಿನ ಮರದಡಿ ಕಿವಿಗೆ ಬೆರಳಿಟ್ಟು ನಿಂತಿರುತ್ತಿದ್ದಳು. ಒಂದು ದಿನ ಐಸಿಲ್ಡ ಎಣ್ಣೆ ಕೈಯಲ್ಲೇ ಹೊರಗೆ ಬಂದಳು.

"ಮರಕ್ಕೆ ಕಾವಲಾ ನೀನು? ಒಳಗೆ ಬಾ, ಕೆಲಸ ಕಲಿ."

"ಅವಳು ಕಿರುಚೋದು ಕೇಳಕ್ಕಾಗಲ್ಲ ಮಿಸ್ ಐಸಿಲ್ಡ."

"ಕಿಂಗ್‌ಸ್ಟನ್ ಡಾಕ್ಟರು ಹೇಳಿದ್ದು ಮರೆತ್ಯಾ? ದಿನಾ ಬಿಡಿಸದಿದ್ರೆ ಸೊಂಟದ ಕೀಲು ಜಾರುತ್ತೆ. ಆಮೇಲೆ ನಡೆಯೋ ಮಾತೇ ಇಲ್ಲ. ನಾಳೆ ನಾನು ಸತ್ತರೆ?"

"ನೀವೆಲ್ಲಿ ಸಾಯ್ತೀರ. ಗಟ್ಟಿ ಜೀವ."

ಐಸಿಲ್ಡ ನಕ್ಕಳು. "ಇರಲಿ ಬಿಡು. ನಿನ್ನ ಮಗಳು ನಡೆಯೋವರೆಗೂ ನಾನು ಬಿಡಲ್ಲ. ಸತ್ತರೂ ಬಂದು ಕಾಲು ಹಿಡೀತೀನಿ, ನೋಡ್ತಿರು."

ಡೆಲ್ರೀಟಳೂ ನಕ್ಕಿದ್ದಳು.

*

ಹೂತದ್ದಾಯಿತು. ಗೋರಿಯ ಗಾರೆ ಇನ್ನೂ ಹಸಿಯಾಗಿತ್ತು. ಜನ ಅಂಗಳದಲ್ಲಿ ಮೇಕೆ ತಲೆಯ ಸೂಪು ಕುಡಿಯುತ್ತ ಕೂತಿದ್ದರು. ಟಮೋಯಳ ಕಾಲು ತಾಯಿಯ ತೊಡೆಯ ಮೇಲೆ ಹೆಣೆದುಕೊಂಡೇ ಇದ್ದವು. ಮುಟ್ಟಿದರೆ ತಣ್ಣಗೆ, ಗಟ್ಟಿಯಾಗಿ ಇದ್ದವು.

"ಹೆದರಬೇಡ," ಎಂದಳು ವಿನೆಟ್. "ನಮ್ಮ ಹೊಸಿಲ ತುಂಬ ತೊಗರಿಕಾಳು ಚೆಲ್ಲಿ ಬಂದಿದೀನಿ. ಸತ್ತವರಿಗೆ ಕಾಳು ಕಂಡ್ರೆ ಎಣಿಸ್ಲೇಬೇಕು. ಆದ್ರೆ ಮೂರರ ಮೇಲೆ ಎಣಿಸಕ್ಕೆ ಬರಲ್ಲ. ಮೂರಾಗ್ತಿದ್ದಂಗೆ ಮತ್ತೆ ಒಂದರಿಂದ. ಬೆಳಗಾಗೋವರೆಗೂ ಹೊರಗೇ ಕೂತಿರ್ತಾಳೆ."

"ಹೌದಜ್ಜಿ," ಎಂದಳು ಟಮೋಯ. "ಬೆಳಿಗ್ಗೆ ನನ್ನ ಕಾಲು ಹಿಡ್ಕೊಂಡು ಹಂಗೇ ಎಣಿಸ್ತಿದ್ರು. ಒಂದು ಎರಡು ಮೂರು. ಆಮೇಲೆ ಮತ್ತೆ ಒಂದು ಎರಡು ಮೂರು. ಇಪ್ಪತ್ತು ಬರೋದೇ ಇಲ್ಲ."

ಲೆನ್‌ಫರ್ಡ್ ಬಾಯಿಗೆತ್ತಿದ್ದ ರಮ್ಮನ್ನು ಕುಡಿಯದೆ, ಸತ್ತವಳ ಪಾಲೆಂದು ನೆಲಕ್ಕೆ ಸುರಿದ.

ಡೆಲ್ರೀಟಳಿಗೆ ಅರ್ಥವಾಯಿತು. ಇಪ್ಪತ್ತು ಆಗದೆ ಆ ಹೆಂಗಸು ಕೈ ಬಿಡುವುದಿಲ್ಲ. ಇಪ್ಪತ್ತು ಅವಳಿಗೆ ಇನ್ನೆಂದೂ ಬರುವುದಿಲ್ಲ.

"ಏಳು, ಗೋರಿ ಮೇಲಿಂದಾದರೂ ದಾಟಿಸೋಣ," ಎಂದು ವಿನೆಟ್ ಎದ್ದಳು.

"ಬೇಡ ಅತ್ತೆ," ಎಂದಳು ಡೆಲ್ರೀಟ. ಮಗುವನ್ನು ಹೆಗಲಿಗೇರಿಸಿಕೊಂಡು ಮನೆಯ ದಾರಿ ಹಿಡಿದಳು.

*

ಇನ್ನೂ ಬಿಸಿಲಿತ್ತು. ಡೆಲ್ರೀಟ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಪೊರಕೆ ತಂದು ಹೊಸಿಲ ಕಾಳನ್ನೆಲ್ಲ ಅಂಗಳಕ್ಕೆ ಗುಡಿಸಿ ಹಾಕಿದಳು. ಹಿಂದೆಯೇ ಏದುಸಿರು ಬಿಡುತ್ತ ಬಂದ ವಿನೆಟ್ ಬಾಗಿಲಾಚೆಯೇ ನಿಂತುಬಿಟ್ಟಳು.

"ತಲೆ ಕೆಟ್ಟಿದ್ಯಾ ನಿಂಗೆ? ಒಳಗೆ ಬಂದುಬಿಡ್ತಾಳೆ ಕಣೇ."

"ಬರ್ಲಿ ಅತ್ತೆ. ಎಣಿಸಕ್ಕೆ ನಾನಿದೀನಿ."

ಕೈಕೆಲಸ ಅವಳು ಕಲಿತಿರಲಿಲ್ಲ. ಆದರೆ ಕಿವಿಗೆ ಬೆರಳಿಟ್ಟರೂ ತೂರಿ ಬರುತ್ತಿದ್ದ ಆ ಎಣಿಕೆ, ಅದರ ನಿಧಾನ, ಬಾಯಿಪಾಠವಾಗಿತ್ತು. ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು ಬಲಗಾಲು ಹಿಡಿದಳು.

"ಮೊದಲು ಮಂಡಿ ಮಡಚ್ಬೇಕಮ್ಮ," ಎಂದಳು ಟಮೋಯ.

ಮಡಚಿದಳು. ಮೆಲ್ಲಗೆ ಹೊರಕ್ಕೆ ಬಿಡಿಸಿದಳು. "ಒಂದು. ಎರಡು. ಮೂರು."

ಅಲ್ಲಿ ಒಂದು ಕ್ಷಣ ತಡೆದಳು. ತಾನು ಹಿಡಿದದ್ದಕ್ಕಿಂತ ಹೆಚ್ಚಿನ ಬಲ ಆ ಕಾಲಿನ ಮೇಲಿದೆ ಎಂದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು.

"ನಾಲ್ಕು," ಎಂದಳು.

ಟಮೋಯ ಕಿರುಚಿದಳು. ಏಳಕ್ಕೆ ತಾಯಿಯ ಕೈಯನ್ನು ಕಚ್ಚಿದಳು. ಹದಿಮೂರಕ್ಕೆ ಡೆಲ್ರೀಟಳೂ ಅಳುತ್ತಿದ್ದಳು, ಅಳುತ್ತಲೇ ಎಣಿಸುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಓಡಿಹೋಗಲು ಎರಡೇ ಹೆಜ್ಜೆ. ಅವಳು ಏಳಲಿಲ್ಲ. ಹತ್ತೊಂಬತ್ತಕ್ಕೂ ಬಿಡಲಿಲ್ಲ.

"ಇಪ್ಪತ್ತು."

ಕಾಲು ಸಡಿಲವಾಯಿತು. ಹಿಮ್ಮಡಿ ಮೆತ್ತಗೆ ಚಾಪೆಗಿಳಿಯಿತು.

"ಬಿಟ್ರು," ಎಂದಳು ಟಮೋಯ, ಬಿಕ್ಕುತ್ತ.

ಡೆಲ್ರೀಟ ಲಂಗಕ್ಕೆ ಕೈ ಒರೆಸಿಕೊಂಡಳು. ಆಗ ಮಗು ಎಡಗಾಲಿನ ಕಡೆ ಬೆರಳು ಮಾಡಿತು. ಅದು ಚಾಪೆಯಿಂದ ಒಂದು ಗೇಣು ಮೇಲೆದ್ದು, ನೆಟ್ಟಗೆ, ಅಲುಗದೆ ನಿಂತಿತ್ತು.

"ಈಗ ಇದನ್ನ ಹಿಡ್ಕೊಂಡಿದಾರೆ."

ಡೆಲ್ರೀಟ ಮತ್ತೆ ಅಂಗೈಗೆ ಎಣ್ಣೆ ಸುರಿದುಕೊಂಡಳು. ಮಂಡಿಯೂರಿಕೊಂಡೇ ಆಚೆ ಬದಿಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

"ಒಂದು," ಎಂದಳು.