ನೀಲಮ್ಮನ ಫೋನಿಗೆ ಕುಂಕುಮ

ನನ್ನ ಬಾಯಿ ನೆಟ್ಟಗಿದ್ದಿದ್ದರೆ ಈ ಪಾಡೇ ಬರುತ್ತಿರಲಿಲ್ಲ. ಕೆಸರೆಯಲ್ಲಿ ನನ್ನದೊಂದು ಬೆಸುಗೆ ಅಂಗಡಿ, ಅಪ್ಪನ ಕಾಲದ್ದು. ಆಯುಧಪೂಜೆಗೆ ಎರಡು ದಿನ ಇರುವಾಗ ಸಿದ್ಧಾರ್ಥನಗರದಿಂದ ನೀಲಮ್ಮ ಎಂಬ ಎಂಬತ್ತರ ಹೆಂಗಸು ಆಟೋದಲ್ಲಿ ಬಂದಿಳಿದರು. ಕಂಕುಳಲ್ಲಿ ಟವೆಲ್ ಸುತ್ತಿದ ಹಳೇ ಕಪ್ಪು ಡಯಲ್ ಫೋನು. ರಿಸೀವರ್ ಕೂರುವ ಲೋಹದ ಕವಲು ಮುರಿದು ಎರಡು ತುಂಡಾಗಿತ್ತು.

“ಒರೆಸುವಾಗ ಕೈಜಾರಿ ಬಿತ್ತು ಕಣಪ್ಪ. ಮೂವತ್ತೈದು ವರ್ಷ ಟ್ರಂಕ್ ಕಾಲ್ ಆಪರೇಟರ್ ಆಗಿದ್ದೋಳು ನಾನು. ಆಯುಧಪೂಜೆಗೆ ಇದನ್ನೇ ಇಡೋದು, ಒಂದು ವರ್ಷವೂ ತಪ್ಪಿಸಿಲ್ಲ. ಮುರಿದಿದ್ದನ್ನ ಹೇಗಪ್ಪ ಇಡ್ಲಿ?”

“ಹಿತ್ತಾಳೆ ತಾನೇ? ಕಣ್ಮುಚ್ಕೊಂಡು ಬೆಸೆದ್ಬುಡ್ತೀನಿ. ನಾಳೆ ಬನ್ನಿ,” ಅಂದುಬಿಟ್ಟೆ.

ಹೊಳಪಿನ ಮೇಲ್ಪದರ ಕೆರೆದು ನೋಡಬೇಕಿತ್ತು. ನೋಡಿದೆನೇ? ಈ ಬೀರೇಶನಿಗೆ ಯಾರು ಹೇಳಿಕೊಡಬೇಕು! ಗ್ಯಾಸಿನ ಉರಿ ಹಿಡಿದದ್ದೇ ತಡ, ಎರಡೂ ತುಂಡು ಕರಗಿ ಮುದ್ದೆಯಾಗಿ ಕೂತವು. ಅದು ಹಿತ್ತಾಳೆಯೇ ಅಲ್ಲ, ಸತುವಿನ ಎರಕ. ಅಷ್ಟು ಉರಿ ಅದಕ್ಕೆ ತಡೆಯುವುದಿಲ್ಲ. ಒಳಗಿಂದ ಬಂದ ನನ್ನ ಹೆಂಡತಿ ಭಾಗ್ಯಮ್ಮ ಮುದ್ದೆ ನೋಡಿ, “ಕಣ್ಮುಚ್ಕೊಂಡೇ ಮಾಡಿದ್ರಾ?” ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನ ನೀಲಮ್ಮನವರಿಗೆ ನಿಜ ಹೇಳಿದೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವರು ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು, “ನಾಳೆ ಹನ್ನೆರಡಕ್ಕೆ ಪೂಜೆ,” ಅಂದರು, ಅಷ್ಟೇ. ರಿಸೀವರಿನ ಅಳತೆ ಹಿಡಿದು, ನಿಜವಾದ ಹಿತ್ತಾಳೆಯಲ್ಲೇ ಹೊಸ ಕವಲು ಮಾಡಲು ಕೂತೆ. ಸಂಜೆಗೆ ಎಲ್ಲಾ ಮುಗಿದು, ಕವಲಿನ ಒಂದು ಕಾಲು ಮಾತ್ರ ದಪ್ಪವಾಗಿ ಫೋನಿನ ತೂತಿಗೆ ಇಳಿಯದೆ ನಿಂತಿತು. ಬೆಳಿಗ್ಗೆ ಅರದಲ್ಲಿ ಉಜ್ಜಿದರಾಯಿತು ಅಂತ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಭಾಗ್ಯಮ್ಮ ಸುತ್ತಿಗೆ, ಇಕ್ಕಳ, ಅರ ಎಲ್ಲವನ್ನೂ ತೊಳೆದು, ಕುಂಕುಮ ಇಟ್ಟು, ಪೂಜೆ ಮುಗಿಸಿಬಿಟ್ಟಿದ್ದಾಳೆ! ನಮ್ಮಲ್ಲಿ ಪೂಜೆಗಿಟ್ಟ ಆಯುಧವನ್ನು ವಿಜಯದಶಮಿವರೆಗೆ ಮುಟ್ಟುವಂತಿಲ್ಲ. ಅಪ್ಪ ಇದ್ದಷ್ಟು ದಿನ ಮುಟ್ಟಲಿಲ್ಲ, ಅವರು ಹೋಗಿ ಇಪ್ಪತ್ತು ವರ್ಷವಾದರೂ ನಾನೂ ಮುಟ್ಟಿರಲಿಲ್ಲ.

ಹನ್ನೊಂದಕ್ಕೆ ನೀಲಮ್ಮ ಬಂದರು. ರೇಷ್ಮೆ ಸೀರೆ, ಕೈಯಲ್ಲಿ ಸೇವಂತಿಗೆ.

“ನಾಳೆ ಮಾಡ್ಕೊಡ್ತೀನಿ ಕಣಮ್ಮ. ಇವತ್ತು ಅರ ಮುಟ್ಟಂಗಿಲ್ಲ.”

“ನಾವೂ ಎಕ್ಸ್‌ಚೇಂಜಲ್ಲಿ ಸ್ವಿಚ್‌ಬೋರ್ಡಿಗೆ ಕುಂಕುಮ ಇಡ್ತಿದ್ವಿ. ಇಟ್ಟ ಅರ್ಧ ನಿಮಿಷಕ್ಕೆ ಕರೆ ಬರ್ತಿತ್ತು. ಯಾರಿಗೋ ಹೆರಿಗೆ, ಯಾರೋ ಹೋಗ್ಬಿಟ್ರು. ಪೂಜೆ ಅಂತ ಸುಮ್ನಿರಕ್ಕಾಗ್ತಿತ್ತಾ? ಕುಂಕುಮದ ಕೈಲೇ ಲೈನ್ ಕೊಡ್ತಿದ್ವಿ.”

ನಾನು ಸಿಡುಕಿದೆ, ಗೊಣಗಿದೆ, ಭಾಗ್ಯಮ್ಮನ ಮುಖ ನೋಡಿದೆ. ಅವಳು ಬೇಕಂತಲೇ ಬೇರೆ ಕಡೆ ನೋಡುತ್ತಿದ್ದಳು. ಕೊನೆಗೆ ಅರ ಎತ್ತಿಕೊಂಡೆ. ನನ್ನ ಬೆರಳೆಲ್ಲ ಕೆಂಪಾಯಿತು. ಉಜ್ಜುವಷ್ಟು ಹೊತ್ತೂ ತಿರುಗಿ ತಿರುಗಿ ನೋಡುತ್ತಿದ್ದೆ, ಎಲ್ಲಿ ಅಪ್ಪ ಹಿಂದಿನಿಂದ ಬಂದು ತಲೆಗೆ ಮೊಟಕುತ್ತಾರೋ ಅಂತ. ಹತ್ತು ನಿಮಿಷಕ್ಕೆ ಕವಲು ತೂತಿಗೆ ಸಲೀಸಾಗಿ ಇಳಿಯಿತು.

ನೀಲಮ್ಮ ರಿಸೀವರ್ ಎತ್ತಿದರು. ಕವಲು ಟಕ್ಕನೆ ಮೇಲೆದ್ದಿತು.

“ನಂಬರ್ ಹೇಳಿ,” ಅಂದರು. ಆ ಧ್ವನಿಯೇ ಬೇರೆ.

ವೈರು ಎಲ್ಲಿಗೂ ಸಿಕ್ಕಿಸಿರಲಿಲ್ಲ. ಆದರೂ ನನ್ನ ಬಾಯಿಂದ ಐದು ಅಂಕಿ ಬಂದೇಬಿಟ್ಟವು. ಅಪ್ಪನಿಗೆ ಫೋನ್ ಇರಲಿಲ್ಲ. ಪಕ್ಕದ ಹಿಟ್ಟಿನ ಗಿರಣಿಗೆ ಕರೆ ಬಂದರೆ ಅಲ್ಲಿಯವರು ಕೂಗುತ್ತಿದ್ದರು. ಅದು ಆ ಗಿರಣಿಯ ನಂಬರು.

“ಯಾರನ್ನ ಕರೀಬೇಕು?”

“ನಮ್ಮಪ್ಪ ಲಿಂಗಯ್ಯನ್ನ. ಇವತ್ತು ಅರ ಮುಟ್ಬುಟ್ಟೆ ಅಂತ ಹೇಳ್ಬೇಕು.”

ನೀಲಮ್ಮ ನಗಲಿಲ್ಲ. ರಿಸೀವರನ್ನು ಕಿವಿಗೆ ಒತ್ತಿಕೊಂಡು, ಗಿರಣಿಯವರು ಹೋಗಿ ಕರೆದು ಬರುವಷ್ಟು ಹೊತ್ತು ಕಾದರು.

“ಬರಕ್ಕಾಗಲ್ವಂತೆ ಕಣಪ್ಪ. ಯಾರದೋ ಅವಸರದ ಕೆಲಸವಂತೆ, ಅರ ಹಿಡ್ಕೊಂಡು ಕೂತಿದ್ದಾರಂತೆ.”

“ಇವತ್ತೂನಾ?”

“ಇವತ್ತೂನೇ.”

ನನಗೆ ಅಳು ಬಂದುಬಿಟ್ಟಿತು. ಭಾಗ್ಯಮ್ಮ ಕುಂಕುಮದ ಬಟ್ಟಲು ತಂದಿಟ್ಟಳು. ಮೊದಲು ಅರಕ್ಕೆ ಇಟ್ಟೆ, ಆಮೇಲೆ ಫೋನಿಗೆ.